ಬೆಣ್ಣೆಯೊಂದನ್ನೇ ದೂರಿದರೆ ಸಾಲದು



ಈ ದತ್ತಿ ಉಪನ್ಯಾಸಕ್ಕೆ ಬೊಜ್ಜು, ಕೊಬ್ಬು ಮತ್ತು ಹೃದಯ ಎಂಬ ವಿಷಯ ಸೂಚಿಸಿದಾಗ ಸಂಘಟಕರೊಬ್ಬರು ಫೋನಿನಲ್ಲಿ ತುಸು ಅನುಮಾನಿಸಿ, “ಸಾರ್, ಬೆಣ್ಣೆ ದೋಸೆ ಬಿಡ್ರಿ ಅಂತ ಮಾತ್ರ ಹೇಳಬ್ಯಾಡ್ರಿ” ಎಂದರು. ಅವರ ಕಳವಳ ನ್ಯಾಯವಾದದ್ದೇ. ದಾವಣಗೆರೆಯಲ್ಲಿ ಕೊಬ್ಬಿನ ಮಾತು ಬಂದ ತಕ್ಷಣ ಎಲ್ಲರ ಬೆರಳೂ ದೋಸೆಯ ಮೇಲಿನ ಬೆಣ್ಣೆಯ ಕಡೆಗೇ ತಿರುಗುತ್ತದೆ. ಬೆಣ್ಣೆ ನಿರಪರಾಧಿಯೆಂದು ನಾನು ವಾದಿಸಲಾರೆ. ಆದರೆ ದಪ್ಪಗಿರುವ ದಾವಣಗೆರೆಯವರೊಬ್ಬರ ಯಕೃತ್ತು, ರಕ್ತನಾಳ, ಸಕ್ಕರೆ ಇವೆಲ್ಲ ಕೆಡುವುದರಲ್ಲಿ ಬೆಣ್ಣೆಯ ಪಾಲೆಷ್ಟು, ಅಡುಗೆಮನೆಯ ಎಣ್ಣೆ ಕ್ಯಾನಿನ ಪಾಲೆಷ್ಟು, ಸಂಜೆಯ ಬಾಣಲೆಯ ಪಾಲೆಷ್ಟು ಎಂದು ಲೆಕ್ಕ ಹಾಕಿದರೆ, ಎದ್ದು ಕಾಣುವ ಬೆಣ್ಣೆಗಿಂತ ಕಣ್ಣಿಗೆ ಬೀಳದ ಎಣ್ಣೆಯೇ ದೊಡ್ಡ ಅಪರಾಧಿ. ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ.

ದೋಸೆಯಿಂದಲೇ ಶುರು ಮಾಡುತ್ತೇನೆ. ಊರಿನವರು ಹೇಳುವ, ಪತ್ರಿಕೆಗಳಲ್ಲಿ ಹಲವು ಸಲ ಬಂದಿರುವ ಕಥೆ ಇದು: 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬುವರು ಮಕ್ಕಳೊಂದಿಗೆ ಇಲ್ಲಿಗೆ ಬಂದು ಸಣ್ಣದೊಂದು ತಿಂಡಿ ಅಂಗಡಿ ಇಟ್ಟರು. ಮೊದಲು ಹುಯ್ದದ್ದು ರಾಗಿ ಹಿಟ್ಟಿನ ದೋಸೆ. ಹತ್ತು ವರ್ಷದ ಮೇಲೆ, 1938ರ ಹೊತ್ತಿಗೆ, ಮಕ್ಕಳಾದ ಶಾಂತಪ್ಪ ಮತ್ತು ಮಹದೇವಪ್ಪ ಅಕ್ಕಿ, ಉದ್ದಿನ ಬೇಳೆ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟಿಗೆ ಬೆಣ್ಣೆ ಹಾಕಿ ದೋಸೆ ಮಾಡಲಾರಂಭಿಸಿದರು. ರಾಗಿ ಹೋಗಿ ಅಕ್ಕಿ ಮತ್ತು ಮಂಡಕ್ಕಿ ಬಂದದ್ದನ್ನು ನೆನಪಿಡಿ. ಬೆಣ್ಣೆ ಬಂದದ್ದನ್ನು ಎಲ್ಲರೂ ಗಮನಿಸುತ್ತಾರೆ, ರಾಗಿ ಹೋದದ್ದನ್ನು ಯಾರೂ ಗಮನಿಸುವುದಿಲ್ಲ. ನನ್ನ ಮಟ್ಟಿಗೆ ಆ ಕಥೆಯಲ್ಲಿ ಎರಡಕ್ಕೂ ಸಮ ತೂಕವಿದೆ.

ಸೌದೆ ಒಲೆಯ ಕಾದ ಹಂಚಿನ ಮುಂದೆ ಒಮ್ಮೆ ನಿಂತು ನೋಡಿ. ಹಿಟ್ಟು ಹುಯ್ದು, ದಪ್ಪಗೆ ಹರಡಿ, ಅರ್ಧ ಬೆಂದಾಗ ಕೈಯಿಂದಲೇ ಬೆಣ್ಣೆಯ ಮುದ್ದೆ ಇಡುತ್ತಾರೆ. ಅದು ಕರಗಿ ದೋಸೆಯ ತೂತುಗಳಿಗೆ ಇಳಿಯುತ್ತದೆ, ಅಂಚಿನಲ್ಲಿ ನೊರೆ ಏಳುತ್ತದೆ. ತಟ್ಟೆಗೆ ಬಂದ ಮೇಲೆ ಮೇಲೊಂದು ಸಣ್ಣ ಮುದ್ದೆ, ಪಕ್ಕದಲ್ಲಿ ಬೆಳ್ಳನೆಯ ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಹಸಿಮೆಣಸಿನ ಚಟ್ನಿ. ಒಂದು ದೋಸೆಗೆ ಒಟ್ಟು 20 ಗ್ರಾಂ ಬೆಣ್ಣೆ ಎಂದು ಹಿಡಿಯೋಣ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, ಅದರಲ್ಲಿ 50 ಭಾಗದಷ್ಟು ಸ್ಯಾಚುರೇಟೆಡ್ ಜಾತಿಯದು, ಅಂದರೆ ತಣ್ಣಗಾದರೆ ಗಟ್ಟಿಯಾಗುವ ಬಗೆಯದು. ಹಾಗಾಗಿ ಒಂದು ದೋಸೆಯ ಬೆಣ್ಣೆಯಿಂದ 10 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಒಟ್ಟು ಶಕ್ತಿಯ ಶೇ. 10, ಅಂದರೆ ಸುಮಾರು 22 ಗ್ರಾಂ. ಎರಡು ದೋಸೆ ತಿಂದರೆ ಆ ದಿನದ ಪಾಲು ಬಹುತೇಕ ಮುಗಿಯಿತು. ಒಪ್ಪತಕ್ಕ ಅಪರಾಧವೇ. ಆದರೆ ಬೆಣ್ಣೆ ದೋಸೆಯನ್ನು ದಿನಾ ತಿನ್ನುವವರು ನಮ್ಮಲ್ಲಿ ಎಷ್ಟು ಜನ? ತಿಂಗಳಿಗೆ ಒಂದೆರಡು ಸಲ, ಬೆಂಗಳೂರಿನಿಂದ ನೆಂಟರು ಬಂದರೆ ಇನ್ನೊಂದು ಸಲ.

ಈಗ ದಿನಾ ತಿನ್ನುವುದನ್ನು ನೋಡೋಣ. 2022-23ರಲ್ಲಿ ಭಾರತೀಯರ ತಲಾ ಅಡುಗೆ ಎಣ್ಣೆ ಬಳಕೆ ವರ್ಷಕ್ಕೆ 19.7 ಕಿಲೋ ತಲುಪಿತ್ತು ಎನ್ನುತ್ತದೆ ನೀತಿ ಆಯೋಗದ ವರದಿ. ದಿನಕ್ಕೆ ಹಂಚಿದರೆ 54 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳುವ ಪ್ರಮಾಣ ಇದರ ಅರ್ಧ, 27ರಿಂದ 30 ಗ್ರಾಂ. ನಮ್ಮ ದೇಶ ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಾಗುವುದು, ಆಮದಿನಲ್ಲಿ ದೊಡ್ಡ ಪಾಲು ತಾಳೆ ಎಣ್ಣೆ. ಅದರ ತೆಳು ರೂಪವೇ ಪಾಮೊಲಿನ್. ಅದರಲ್ಲಿ ನೂರಕ್ಕೆ ಸುಮಾರು 45 ಭಾಗ ಸ್ಯಾಚುರೇಟೆಡ್. ಒಬ್ಬ ಮನುಷ್ಯ ಆ 54 ಗ್ರಾಂ ಎಣ್ಣೆಯನ್ನು ಪಾಮೊಲಿನ್ ರೂಪದಲ್ಲೇ ತಿಂದರೆ 24 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಒಳಗೆ ಹೋಯಿತು. ಬೆಣ್ಣೆ ದೋಸೆಯನ್ನು ಬಾಯಿಗೇ ಇಡದೆ ಎರಡು ದೋಸೆ ಮೀರಿದಷ್ಟು ಕೊಬ್ಬು, ಅದೂ ಪ್ರತಿದಿನ. ಉಪ್ಪಿಟ್ಟಿನಲ್ಲಿ, ಒಗ್ಗರಣೆ ಮಂಡಕ್ಕಿಯಲ್ಲಿ, ಬೇಕರಿಯ ಪಫ್ಸಿನಲ್ಲಿ, ಮೆಸ್ಸಿನ ಸಾಂಬಾರಿನ ಮೇಲೆ ತೇಲುವ ಕೆಂಪು ಪದರದಲ್ಲಿ ಅದು ಕೂತಿರುತ್ತದೆ. ಯಾರೂ ಅದನ್ನು ಕೊಬ್ಬು ಎಂದು ಕರೆಯುವುದಿಲ್ಲ.

ಈ ಎಣ್ಣೆ ಹೋಗುವ ಮೈ ಯಾವ ಥರದ್ದು ಎಂಬುದೂ ಮುಖ್ಯ. ಒಂದು ಕಾಲಕ್ಕೆ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಿತ್ತು. ಹತ್ತಿ ಗಿರಣಿಗಳ ಸೈರನ್ನಿಗೆ ಬಡಾವಣೆಗಳು ಏಳುತ್ತಿದ್ದವು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ಮಾಡುತ್ತಿತ್ತು. ನದಿಯಾಚೆ ಕುಮಾರಪಟ್ಟಣದ ಕಾರ್ಖಾನೆಗೆ ಜನ ಸೈಕಲ್ ತುಳಿದು ಹೋಗುತ್ತಿದ್ದರು. ಮಾರುಕಟ್ಟೆಯಲ್ಲಿ ಹಮಾಲರು ಮೂಟೆ ಹೊರುತ್ತಿದ್ದರು, ಈಗಲೂ ಹೊರುತ್ತಾರೆ. ಎಂಟು ಗಂಟೆ ನಿಂತು ದುಡಿಯುವ ಆ ಮೈಗಳಿಗೆ ಬೆಣ್ಣೆಯೂ ಎಣ್ಣೆಯೂ ಉರುವಲಾಗಿ ಖರ್ಚಾಗಿಬಿಡುತ್ತಿತ್ತು. ಗಿರಣಿಗಳು ಮುಚ್ಚಿದವು, ಕಿರ್ಲೋಸ್ಕರೂ ಮುಚ್ಚಿತು. ಊರು ಕಾಲೇಜುಗಳ, ಆಸ್ಪತ್ರೆಗಳ, ಅಂಗಡಿಗಳ ಊರಾಯಿತು. ಕೆಲಸ ಕುರ್ಚಿಗೆ ಬಂತು, ತಟ್ಟೆ ಮಾತ್ರ ಹಾಗೇ ಉಳಿಯಿತು. ಎಣ್ಣೆ ಅಗ್ಗವಾದದ್ದರಿಂದ ಅದು ಇನ್ನಷ್ಟು ಜಿಡ್ಡಾಯಿತು ಎಂದೂ ಹೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ವಯಸ್ಕ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು 30 ಮಂದಿ ಹೆಚ್ಚು ತೂಕದವರು. ಅದಕ್ಕೆ ಮುಂಚಿನ ಸುತ್ತಿನಲ್ಲಿ ಈ ಪ್ರಮಾಣ 22-23ರ ಆಸುಪಾಸಿನಲ್ಲಿತ್ತು.

ಇದೂ ಕಡಿಮೆ ಲೆಕ್ಕವೇ. ಆ ಸಮೀಕ್ಷೆ ಹಿಡಿದದ್ದು ಜಗತ್ತಿನ ಅಳತೆ, ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ 25. ನಮ್ಮವರ ಮೈಗೆ ಆ ಅಳತೆ ಸಾಲದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ: ಇದು ನಮ್ಮಲ್ಲಿ ಮನೆಮನೆಗೂ ಗೊತ್ತಿರುವ ಆಕಾರ. ಅದಕ್ಕೇ ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಪ್ಯಾಂಟಿನ ಸೈಜು ಹೇಳಿ ತಪ್ಪಿಸಿಕೊಳ್ಳಬೇಡಿ. ನಮ್ಮ ಗಂಡಸರು ಪ್ಯಾಂಟು, ಪಂಚೆ ಎರಡನ್ನೂ ಹೊಟ್ಟೆಯ ಕೆಳಗೆ ಕಟ್ಟುವವರು. ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಟೇಪು ಎಳೆಯದೆ ಅಳೆಯಬೇಕು.

ಹೊಟ್ಟೆಗೆ ಇಷ್ಟು ಮಹತ್ವ ಯಾಕೆ? ಚರ್ಮದ ಕೆಳಗಿನ ಕೊಬ್ಬಿನ ಕೋಶಗಳು ನಮ್ಮ ಶತ್ರುಗಳೇನಲ್ಲ. ಉಂಡ ಮೇಲೆ ರಕ್ತಕ್ಕೆ ಬಂದ ಕೊಬ್ಬನ್ನು ಎತ್ತಿಟ್ಟುಕೊಳ್ಳುವುದು, ಹಸಿದಾಗ ಸ್ವಲ್ಪಸ್ವಲ್ಪವಾಗಿ ಬಿಡುವುದು ಅವುಗಳ ಕಸುಬು. ಇನ್ಸುಲಿನ್ ಅವಕ್ಕೆ ಹೇಳುವುದು ‘ಈಗ ಬಿಡಬೇಡ’ ಎಂದು. ಆ ಜಾಗ ತುಂಬಿ, ಇನ್ಸುಲಿನ್ನಿನ ಮಾತು ಕೇಳದ ಸ್ಥಿತಿ ಬಂದಾಗ, ಎಪಿಎಂಸಿಯ ಗೋದಾಮು ತುಂಬಿ ಮೆಕ್ಕೆಜೋಳದ ಮೂಟೆಗಳನ್ನು ಕಂಡಕಂಡಲ್ಲಿ ಇಳಿಸಿದ ಹಾಗೆ, ಕೊಬ್ಬು ಯಕೃತ್ತಿನಲ್ಲಿ, ಕರುಳಿನ ಸುತ್ತ, ಸ್ನಾಯುಗಳಲ್ಲಿ ಕೂರುತ್ತದೆ. ನಮ್ಮವರಲ್ಲಿ ಆ ಗೋದಾಮು ಮೊದಲೇ ಸಣ್ಣದು. ಯೂರೋಪಿನವರು ಹೆಚ್ಚು ತೂಕಕ್ಕೆ ಮುಟ್ಟುವ ಸ್ಥಿತಿಯನ್ನು ನಾವು ಕಡಿಮೆ ತೂಕಕ್ಕೇ ಮುಟ್ಟಿರುತ್ತೇವೆ. ಕೊಬ್ಬು ತುಂಬಿದ ಯಕೃತ್ತು ಎರಡು ಕೆಡುಕು ಮಾಡುತ್ತದೆ: ಉಪವಾಸವಿದ್ದಾಗಲೂ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ, ಟ್ರೈಗ್ಲಿಸರೈಡ್ ಹೊತ್ತ ಕಣಗಳನ್ನು ಅತಿಯಾಗಿ ತಯಾರಿಸಿ ಹೊರಗೆ ಕಳಿಸುತ್ತದೆ. ಮೊದಲನೆಯದು ಮಧುಮೇಹದ ದಾರಿ, ಎರಡನೆಯದು ಹೃದಯದ ದಾರಿ.

ಎಲ್ಲ ಕೊಬ್ಬೂ ಯಕೃತ್ತಿಗೆ ಒಂದೇ ಥರ ಹೊರೆಯಾಗುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಪ್ರಯೋಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಫಿನ್ಲೆಂಡಿನದು, ಪ್ರಕಟವಾದದ್ದು 2018ರಲ್ಲಿ. 38 ಮಂದಿ ದಪ್ಪ ಮೈಯವರನ್ನು ಆರಿಸಿ, ಮೂರು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚಾಗಿ ತಿನ್ನಿಸಿದರು. ಒಂದು ಗುಂಪಿಗೆ ಆ ಹೆಚ್ಚಿನದು ಬೆಣ್ಣೆ, ಚೀಸ್, ಕೊಬ್ಬರಿ ಎಣ್ಣೆಯಿಂದ, ಇನ್ನೊಂದಕ್ಕೆ ಆಲಿವ್ ಎಣ್ಣೆ ಮತ್ತು ಬೀಜಗಳಿಂದ, ಮತ್ತೊಂದಕ್ಕೆ ಸಿಹಿ ಪಾನೀಯ ಮತ್ತು ಮಿಠಾಯಿಯಿಂದ. ಕ್ಯಾಲೊರಿ ಎಲ್ಲರಿಗೂ ಸಮ. ಮೂರು ವಾರ ಕಳೆದು ಯಕೃತ್ತನ್ನು ಅಳೆದರೆ, ಬೆಣ್ಣೆಯ ಗುಂಪಿನಲ್ಲಿ ಅಲ್ಲಿನ ಕೊಬ್ಬು ಶೇ. 55 ಏರಿತ್ತು, ಸಕ್ಕರೆಯ ಗುಂಪಿನಲ್ಲಿ ಶೇ. 33, ಬೀಜದ ಗುಂಪಿನಲ್ಲಿ ಶೇ. 15. ಬೆಣ್ಣೆಯ ಗುಂಪಿನವರ ಮೈ ಇನ್ಸುಲಿನ್ನಿನ ಮಾತನ್ನು ಇನ್ನೂ ಕಡಿಮೆ ಕೇಳತೊಡಗಿತ್ತು. ಸ್ವೀಡನ್ನಿನ ಉಪ್ಸಾಲಾದಲ್ಲಿ 2014ರಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಪ್ರಯೋಗ ನಡೆದಿತ್ತು. ತರುಣರಿಗೆ ಏಳು ವಾರ ಕೇಕಿನಂಥ ಮಫಿನ್ ತಿನ್ನಿಸಿದರು. ಅರ್ಧ ಜನರ ಮಫಿನ್ನಿನಲ್ಲಿ ತಾಳೆ ಎಣ್ಣೆ, ಉಳಿದವರದ್ದರಲ್ಲಿ ಸೂರ್ಯಕಾಂತಿ ಎಣ್ಣೆ. ಎರಡೂ ಗುಂಪಿನವರ ತೂಕ ಸರಾಸರಿ 1.6 ಕಿಲೋ ಏರಿತು. ಆದರೆ ತಾಳೆ ಎಣ್ಣೆಯವರಲ್ಲಿ ಆ ತೂಕ ಯಕೃತ್ತಿಗೂ ಹೊಟ್ಟೆಯೊಳಗೂ ಹೆಚ್ಚಾಗಿ ಸೇರಿತು, ಸೂರ್ಯಕಾಂತಿಯವರಲ್ಲಿ ಅದರ ಒಂದು ಪಾಲು ಮಾಂಸಖಂಡವಾಯಿತು. ತಕ್ಕಡಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಹಲವು ರೋಗಿಗಳು ಮೋಸ ಹೋಗುವುದು ಲ್ಯಾಬಿನ ಚೀಟಿ ಓದುವಾಗ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಒಟ್ಟು ಕೊಲೆಸ್ಟರಾಲ್ 200, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 118. ಮನೆಯವರು ಓದುವುದು ಮೊದಲ ಸಾಲನ್ನೂ ಕೊನೆಯ ಸಾಲನ್ನೂ. “ಕೆಟ್ಟ ಕೊಲೆಸ್ಟರಾಲ್ ಅಷ್ಟೇನೂ ಇಲ್ಲ ಬಿಡ್ರಿ” ಎಂದು ಸಮಾಧಾನ. ಬೊಜ್ಜಿರುವವರಲ್ಲಿ ಈ ಸಮಾಧಾನ ಸುಳ್ಳು. ಟ್ರೈಗ್ಲಿಸರೈಡ್ ತುಂಬಿದ ರಕ್ತದಲ್ಲಿ ಎಲ್‌ಡಿಎಲ್ ಕಣಗಳು ಕುಗ್ಗಿ ಸಣ್ಣವಾಗುತ್ತವೆ. ಪ್ರತಿ ಕಣದಲ್ಲಿ ಕೊಲೆಸ್ಟರಾಲ್ ಕಡಿಮೆ, ಕಣಗಳ ಸಂಖ್ಯೆ ಮಾತ್ರ ಹೆಚ್ಚು. ಲ್ಯಾಬು ಅಳೆಯುವುದು ಕೊಲೆಸ್ಟರಾಲಿನ ತೂಕವನ್ನು, ರಕ್ತನಾಳದ ಗೋಡೆಯೊಳಗೆ ನುಗ್ಗುವುದು ಕಣಗಳು. ಅದೇ ಹೊತ್ತಿಗೆ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಇಳಿದಿರುತ್ತದೆ. ಇನ್ನೂ ಒಂದು ವಿಚಿತ್ರವಿದೆ. ತೆಳ್ಳಗಿರುವವರು ಸ್ಯಾಚುರೇಟೆಡ್ ಕೊಬ್ಬು ಬಿಟ್ಟರೆ ಎಲ್‌ಡಿಎಲ್ ಚೆನ್ನಾಗಿ ಇಳಿಯುತ್ತದೆ, ಇನ್ಸುಲಿನ್ನಿಗೆ ಮೈ ಒಗ್ಗದ ದಪ್ಪಗಿನವರಲ್ಲಿ ಅಷ್ಟು ಇಳಿಯುವುದಿಲ್ಲ. ಹಾಗಾಗಿ ಅವರು ಒಂದು ಸುಲಭದ ಕಳೆಯುವ ಲೆಕ್ಕ ಮಾಡಿಕೊಳ್ಳಬೇಕು: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಮೇಲಿನ ಚೀಟಿಯಲ್ಲಿ ಉಳಿಯುವುದು 166. ಮಧುಮೇಹವೋ ಬೊಜ್ಜೋ ಇರುವವರಿಗೆ ಅದು ನೆಮ್ಮದಿಯ ಅಂಕಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ದೇಶದ ವಯಸ್ಕರಲ್ಲಿ ಶೇ. 81 ಮಂದಿಗೆ ರಕ್ತದ ಕೊಬ್ಬಿನ ಯಾವುದಾದರೂ ಒಂದು ಏರುಪೇರು ಇದೆ ಎಂದಿತು. ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಎಂಬುದೇ ನಮ್ಮವರಲ್ಲಿ ಎದ್ದು ಕಾಣುವ ಚಹರೆ.

ಇಲ್ಲಿ ಸಭೆಯಿಂದ ಒಂದು ಪ್ರಶ್ನೆ ಬರಬೇಕು, ಬರದಿದ್ದರೆ ನಾನೇ ಕೇಳಿಕೊಳ್ಳುತ್ತೇನೆ: ಬೆಣ್ಣೆ ತಪ್ಪಲ್ಲ, ತುಪ್ಪ ಅಮೃತ, ಹೃದಯಕ್ಕೆ ಕೊಬ್ಬಿನಿಂದ ತೊಂದರೆಯೇ ಇಲ್ಲ ಎಂದು ವಿಜ್ಞಾನಿಗಳೇ ಹೇಳಿದ್ದಾರಂತಲ್ಲ? ವಾಟ್ಸಾಪಿನಲ್ಲಿ ಓಡಾಡುವ ಈ ಮಾತಿಗೆ ಒಂದು ನಿಜದ ಬೇರಿದೆ. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಪ್ಯೂರ್ ಎಂಬ ಅಧ್ಯಯನ 18 ದೇಶಗಳ 1,35,000ಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಅದರಲ್ಲಿ ಭಾಗಿ. ಅದರಲ್ಲಿ ಕೊಬ್ಬು ಹೆಚ್ಚು ತಿಂದವರಿಗಿಂತ ಅನ್ನ, ಮೈದಾ, ಸಕ್ಕರೆಯಂಥ ಶರ್ಕರಪಿಷ್ಟವನ್ನು ಅತಿಯಾಗಿ ತಿಂದವರಲ್ಲಿ ಸಾವು ಹೆಚ್ಚು ಕಂಡಿತು. ಸುದ್ದಿ ಹಬ್ಬಿದ್ದು ‘ಕೊಬ್ಬು ಕ್ಷೇಮ’ ಎಂದು. ಆದರೆ ಅದು ಯಾರು ಏನು ತಿನ್ನುತ್ತಾರೆಂದು ಕೇಳಿ ನೋಡಿದ ಅಧ್ಯಯನ, ತಿನ್ನಿಸಿ ನೋಡಿದ್ದಲ್ಲ. ಬಡತನದ ತಟ್ಟೆಯಲ್ಲಿ ಅನ್ನವೇ ತುಂಬಿರುತ್ತದೆ, ಬಡತನಕ್ಕೆ ಬೇರೆ ಸಾವುಗಳೂ ಇವೆ. ತಿನ್ನಿಸಿ ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2020ರ ಕಾಕ್ರೇನ್ ವಿಮರ್ಶೆಯಲ್ಲಿ, ಸ್ಯಾಚುರೇಟೆಡ್ ಕೊಬ್ಬನ್ನು ಎರಡು ವರ್ಷವಾದರೂ ಇಳಿಸಿದವರಲ್ಲಿ ಹೃದಯ ಮತ್ತು ರಕ್ತನಾಳದ ಅವಘಡಗಳು ಶೇ. 17ರಷ್ಟು ಕಡಿಮೆಯಾದವು. ಒಟ್ಟು ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಸೇರಿಸಬೇಕು.

ಎರಡನ್ನೂ ಒಟ್ಟಿಗೆ ಓದಿದರೆ ಜಗಳ ಬಹುಮಟ್ಟಿಗೆ ಕರಗುತ್ತದೆ. ಬೆಣ್ಣೆ ಬಿಟ್ಟದ್ದು ಮುಖ್ಯ, ಆ ಜಾಗಕ್ಕೆ ಏನು ಬಂತು ಎಂಬುದು ಅದಕ್ಕಿಂತ ಮುಖ್ಯ. ಬೆಣ್ಣೆಯ ಜಾಗಕ್ಕೆ ಸೂರ್ಯಕಾಂತಿ, ಶೇಂಗಾ, ಬೀಜ ಬಂದರೆ ಲಾಭ. ಅನ್ನ, ಮೈದಾ, ಸಕ್ಕರೆ ಬಂದರೆ ಲಾಭ ಸೊನ್ನೆ, ದಪ್ಪಗಿನವರಲ್ಲಿ ಟ್ರೈಗ್ಲಿಸರೈಡ್ ಏರಿ ನಷ್ಟವೂ ಆಗಬಹುದು. ಕ್ಲಿನಿಕ್ಕುಗಳಲ್ಲಿ ದಿನಾ ಕೇಳುವ ಮಾತು: “ಬೆಣ್ಣೆ, ತುಪ್ಪ ಮುಟ್ಟಿ ವರ್ಷ ಆತು ಸಾರ್, ಆದ್ರೂ ಟ್ರೈಗ್ಲಿಸರೈಡ್ ಇಳಿದಿಲ್ಲ.” ಹಾಗಾದರೆ ರಾತ್ರಿಗೆ ಏನು ತಿನ್ನುತ್ತೀರಿ ಎಂದರೆ, “ಏನಿಲ್ಲ ಸಾರ್, ಹಗುರಾಗಿ ಮಂಡಕ್ಕಿ.” ಮಂಡಕ್ಕಿ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಜೊತೆ ಅಕ್ಕಿ ಅರಳುವುದನ್ನು ನೋಡುವುದು ಒಂದು ಸೊಗಸು, ಹೊಗೆಯೊಂದನ್ನು ಬಿಟ್ಟರೆ. ತೂಕಕ್ಕೆ ಹಗುರವೇ ಹೌದು. ಆದರೆ ಹೊಟ್ಟೆಗೆ ಹೋದ ಮೇಲೆ ಅದು ಬೇಗ ಸಕ್ಕರೆಯಾಗುವ ಬರೀ ಪಿಷ್ಟ. ಅದಕ್ಕೆ ಎರಡು ಸೌಟು ಎಣ್ಣೆಯ ಒಗ್ಗರಣೆ, ಪಕ್ಕದಲ್ಲಿ ನಾಲ್ಕು ಮಿರ್ಚಿ ಬಜ್ಜಿ. ಪಿಷ್ಟ ಇನ್ಸುಲಿನ್ನನ್ನು ಏರಿಸುತ್ತದೆ, ಏರಿದ ಇನ್ಸುಲಿನ್ ಜೊತೆಯಲ್ಲಿ ಬಂದ ಕೊಬ್ಬನ್ನು ಕೂಡಿಡಲು ಹೇಳುತ್ತದೆ. ಸಂಜೆ ಆರರ ಮಿರ್ಚಿ-ಮಂಡಕ್ಕಿಯ ತಟ್ಟೆ ಬೊಜ್ಜಿನ ಲೆಕ್ಕದಲ್ಲಿ ಬೆಣ್ಣೆ ದೋಸೆಗೆ ಸೋಲುವುದಿಲ್ಲ, ವಾರಕ್ಕೆ ಎಷ್ಟು ಸಲ ಎಂದು ಎಣಿಸಿದರೆ ಗೆಲ್ಲುತ್ತದೆ.

ಆ ಮಿರ್ಚಿಯ ಬಾಣಲೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಬೆಳಿಗ್ಗೆ ಹೊಂಬಣ್ಣದಲ್ಲಿದ್ದ ಎಣ್ಣೆ ಸಂಜೆಗೆ ಚಹಾದ ಬಣ್ಣಕ್ಕೆ ತಿರುಗಿ, ಕರಿದಾಗ ಏಳುವ ನೊರೆ ಬೇಗ ಅಡಗದೆ ಬಾಣಲೆಯ ಅಂಚಿಗೆ ಅಂಟಿಕೊಳ್ಳುತ್ತದೆ. ಕಡಿಮೆಯಾದಂತೆ ಮೇಲೆ ಹೊಸದು ಸುರಿಯುತ್ತಾರೆ, ಹಳೆಯದನ್ನು ಚೆಲ್ಲುವುದಿಲ್ಲ. ಕಾದು ಕಾದು ಒಡೆದ ಎಣ್ಣೆಯಲ್ಲಿ ಹುಟ್ಟುವ ಹಾಳು ಪದಾರ್ಥಗಳನ್ನು ಅಳೆಯುವ ಒಂದು ಲೆಕ್ಕವಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ಅದಕ್ಕೆ ಶೇ. 25ರ ಮಿತಿ ಹಾಕಿದೆ. ಅದನ್ನು ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು, ಬಯೋಡೀಸೆಲ್ ಮಾಡುವವರಿಗೆ ಕೊಡಬಹುದು. ನಿಯಮ ಚೆನ್ನಾಗಿದೆ. ಬೀದಿಬದಿಯ ಬಾಣಲೆಗೆ ಆ ಅಳತೆ ಕಡ್ಡಿ ಅದ್ದುವವರು ಯಾರು ಎಂಬುದು ಬೇರೆ ಮಾತು.

ಇಲ್ಲೊಂದು ಇಕ್ಕಟ್ಟಿದೆ. ಹೃದಯಕ್ಕೆ ಒಳ್ಳೆಯದೆಂದು ನಾನು ಹೊಗಳಿದ ಸೂರ್ಯಕಾಂತಿ ಎಣ್ಣೆ, ಅದರಂಥದೇ ಆದ ಕುಸುಬೆ ಎಣ್ಣೆ ಪದೇಪದೇ ಕಾದರೆ ಬಹಳ ಬೇಗ ಒಡೆಯುತ್ತವೆ. ಪಾಮೊಲಿನ್ ತಾಳಿಕೊಳ್ಳುತ್ತದೆ, ಅಗ್ಗವೂ ಹೌದು. ಹೋಟೆಲಿನವರು ಅದನ್ನು ಮೆಚ್ಚುವುದು ಅದಕ್ಕೇ. ಮನೆಯವರು ಇದರಿಂದ ತಿಳಿಯಬೇಕಾದದ್ದು: ಒಗ್ಗರಣೆಗೆ, ಪಲ್ಯಕ್ಕೆ ಸೂರ್ಯಕಾಂತಿಯೂ ಸರಿ, ಶೇಂಗಾ ಎಣ್ಣೆಯೂ ಸರಿ. ಕರಿಯುವುದಿದ್ದರೆ ಶೇಂಗಾ ಎಣ್ಣೆ ಮೇಲು, ಅದೂ ಸ್ವಲ್ಪವೇ ಹಾಕಿ. ಉಳಿದದ್ದನ್ನು ಒಮ್ಮೆ ಪಲ್ಯಕ್ಕೆ ಬಳಸಿ ಮುಗಿಸಿ, ಮತ್ತೆ ಕರಿಯಲು ಇಡಬೇಡಿ. ಈ ಸೀಮೆಯವರಿಗೆ ಶೇಂಗಾ ಎಣ್ಣೆ ಹೊಸದೇನಲ್ಲ. ಪಕ್ಕದ ಚಳ್ಳಕೆರೆ ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು. ಆ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ನೂರಕ್ಕೆ 20ರಷ್ಟು, ಉಳಿದ ಬಹುಪಾಲು ಮೃದುವಾದ ಕೊಬ್ಬು. ಅದು ನಮ್ಮ ಕೈಬಿಟ್ಟು ಪಾಮೊಲಿನ್ ಪ್ಯಾಕೆಟ್ ಬಂದದ್ದು ರುಚಿಯಿಂದಲ್ಲ, ದರದಿಂದ.

ಈಚೆಗೆ ಮರದ ಗಾಣದ ಎಣ್ಣೆಯ ಅಂಗಡಿಗಳು ದಾವಣಗೆರೆ, ಹರಿಹರ ಎರಡೂ ಊರುಗಳಲ್ಲಿ ಎದ್ದಿವೆ. ಘಮ ಚೆನ್ನಾಗಿದೆ, ಇ ಜೀವಸತ್ವದಂಥವು ಸ್ವಲ್ಪ ಹೆಚ್ಚು ಉಳಿದಿರುತ್ತವೆ. ಆದರೆ ಗಾಣದಲ್ಲಿ ಅರೆದರೂ ಕಾರ್ಖಾನೆಯಲ್ಲಿ ಹಿಂಡಿದರೂ ಶೇಂಗಾದ ಕೊಬ್ಬಿನ ಜಾತಿ ಬದಲಾಗುವುದಿಲ್ಲ, ಕ್ಯಾಲೊರಿಯೂ ಇಳಿಯುವುದಿಲ್ಲ: ಗ್ರಾಂಗೆ 9. ಗಾಣದ್ದು ಎಂಬ ಧೈರ್ಯದಲ್ಲಿ ಎರಡು ಸೌಟು ಹೆಚ್ಚು ಸುರಿಯುವವರನ್ನು ಬಲ್ಲೆ. ಬೂಷ್ಟು ಹಿಡಿದ ಬೀಜ ಅರೆದರೆ ಅದರ ವಿಷವೂ ಎಣ್ಣೆಯಲ್ಲಿ ಉಳಿಯುತ್ತದೆ. ಅಂಗಡಿಯವರ ಬೀಜವನ್ನು ಕಣ್ಣಾರೆ ನೋಡಿ ಕೊಳ್ಳಿ.

ವನಸ್ಪತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1937ರಲ್ಲಿ ಡಾಲ್ಡಾ ಬಂದಂದಿನಿಂದ ನಮ್ಮ ಬೇಕರಿ, ಮದುವೆ ಮನೆಯ ಅಡುಗೆ ಅದರ ಮೇಲೆ ನಿಂತಿತ್ತು. ಅದರ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವ, ಯಾರೂ ಸಮರ್ಥಿಸಲಾರದ ಪದಾರ್ಥ. 2022ರ ಜನವರಿಯಿಂದ ಅದರ ಮಿತಿ ಶೇ. 2ಕ್ಕೆ ಇಳಿದಿದೆ. ಆಹಾರದ ವಿಷಯದಲ್ಲಿ ಸರ್ಕಾರದ ನಿಯಮವೊಂದು ಹೃದಯಕ್ಕೆ ನೇರವಾಗಿ ನೆರವಾದ ಉದಾಹರಣೆ ಇದು.

ಹಾಗಾದರೆ ದಪ್ಪಗಿನವರು ಕೊಬ್ಬನ್ನೇ ಬಿಡಬೇಕೆ? ಬೇಡ. ಸ್ಪೇನಿನ ಪ್ರೆಡಿಮೆಡ್ ಪ್ರಯೋಗದಲ್ಲಿ 7,447 ಮಂದಿ ಇದ್ದರು, ಬಹುಪಾಲು ಜನ ದಪ್ಪಗಿನವರು, ಹೃದಯಾಘಾತದ ಅಪಾಯ ಇದ್ದವರು. ಅವರಲ್ಲಿ ಎರಡು ಗುಂಪುಗಳಿಗೆ ಕೊಬ್ಬು ಇಳಿಸಿ ಎನ್ನಲಿಲ್ಲ, ಹೋಲಿಕೆಯ ಗುಂಪಿಗಷ್ಟೇ ಹಾಗೆ ಹೇಳಿದರು. ತರಕಾರಿ, ಕಾಳುಗಳ ಊಟಕ್ಕೆ ಒಂದು ಗುಂಪಿಗೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ದಿನಾ 30 ಗ್ರಾಂ ಬೀಜಗಳು. 2013ರಲ್ಲಿ ಫಲಿತಾಂಶ ಬಂತು, ಗುಂಪು ಹಂಚುವಲ್ಲಿ ಆಗಿದ್ದ ಲೋಪ ಬಯಲಾಗಿ 2018ರಲ್ಲಿ ಲೆಕ್ಕವನ್ನು ಮತ್ತೆ ಮಾಡಿ ಪ್ರಕಟಿಸಿದರು. ಆಗಲೂ ಹೃದಯಾಘಾತ, ಪಾರ್ಶ್ವವಾಯು ಒಟ್ಟು ಸೇರಿ ಹೋಲಿಕೆಯ ಗುಂಪಿಗಿಂತ ಸುಮಾರು ಶೇ. 30 ಕಡಿಮೆ ಎಂಬುದು ಉಳಿಯಿತು.

ಆಲಿವ್ ಎಣ್ಣೆ ನಮಗೆ ದುಬಾರಿ, ಬೇಕಾಗಿಯೂ ಇಲ್ಲ. ಜೋಳದ ರೊಟ್ಟಿಯ ಜೊತೆ ನಮ್ಮ ಅಜ್ಜಿಯರು ಹಾಕುತ್ತಿದ್ದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಹಿಂಡಿ ನೆನೆಸಿಕೊಳ್ಳಿ. ಅಗಸೆಯ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಜಾತಿಯದು, ಗುರೆಳ್ಳಿನಲ್ಲಿ ಸೂರ್ಯಕಾಂತಿಯಂಥ ಮೃದು ಕೊಬ್ಬು. ಮೇಲೆ ನಾರು, ಪ್ರೋಟೀನು. ಹುರಿದು, ಕುಟ್ಟಿ, ಬೆಳ್ಳುಳ್ಳಿ ಒಣಮೆಣಸು ಸೇರಿಸಿದ ಎರಡು ಚಮಚ ಹಿಂಡಿ, ಒಂದು ರೊಟ್ಟಿ, ಪುಂಡಿ ಪಲ್ಯ ಅಥವಾ ಹೆಸರುಕಾಳು, ಒಂದು ಬಟ್ಟಲು ಮಜ್ಜಿಗೆ. ಸ್ಪೇನಿನವರ ತಟ್ಟೆಗೆ ಇದು ಯಾವುದರಲ್ಲೂ ಕಡಿಮೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಉಪ್ಪನ್ನು ಮಾತ್ರ ಕೈ ಬಿಗಿಹಿಡಿದು ಹಾಕಿ. ಅಗಸೆಯನ್ನು ಇಡಿಯಾಗಿ ನುಂಗಿದರೆ ಇಡಿಯಾಗಿಯೇ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು.

ತೂಕ ಇಳಿಸಲು ಕೊಬ್ಬು ಬಿಡುವುದೋ ಅನ್ನ ಬಿಡುವುದೋ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ 609 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಕೊಬ್ಬು ಇಳಿಸಿದವರು ಸರಾಸರಿ 5.3 ಕಿಲೋ ಇಳಿದರು, ಪಿಷ್ಟ ಇಳಿಸಿದವರು 6 ಕಿಲೋ. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಯಾವುದನ್ನು ವರ್ಷಗಟ್ಟಲೆ ಪಾಲಿಸಬಲ್ಲಿರೋ ಅದನ್ನು ಹಿಡಿಯಿರಿ. 80 ಕಿಲೋ ಇರುವವರು 4 ಕಿಲೋ ಇಳಿದರೂ ಯಕೃತ್ತಿನ ಕೊಬ್ಬು ಇಳಿಯಲು ಶುರುವಾಗುತ್ತದೆ, ಆರರಿಂದ ಎಂಟು ಕಿಲೋ ಇಳಿದರೆ ಯಕೃತ್ತಿನ ಉರಿಯೂತವೂ ತಗ್ಗುತ್ತದೆ.

ತಟ್ಟೆಯ ಮಾತಿನ ಜೊತೆ ತುರ್ತಿನ ಮಾತನ್ನೂ ಹೇಳಬೇಕು. 2025ರ ಮಧ್ಯದಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಹಠಾತ್ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಹೆದರಿ ಓಡುವುದರಿಂದ ಪ್ರಯೋಜನ ಕಡಿಮೆ. ಎದೆನೋವು ಬಂದರೆ ಗ್ಯಾಸೆಂದು ಸೋಡಾ ಕುಡಿಯುತ್ತ ಕೂರದೆ ಮೊದಲ ಗಂಟೆಯಲ್ಲೇ ಇಸಿಜಿ ಮಾಡಿಸಬೇಕು. ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದರೆ, ಅಗಸಿ ಹಿಂಡಿ ತಿನ್ನುತ್ತೇನಲ್ಲ ಎಂದು ಅದನ್ನು ನಿಲ್ಲಿಸಬೇಡಿ. ಹಿಂಡಿ ಮಾತ್ರೆಯ ಕೆಲಸ ಮಾಡುವುದಿಲ್ಲ.

ಕಡೆಗೆ ಅಡುಗೆಮನೆಯ ಲೆಕ್ಕ. ನಾಲ್ಕು ಜನರ ಮನೆಗೆ ದಿನಕ್ಕೆ ತಲಾ 30 ಗ್ರಾಂನಂತೆ ತಿಂಗಳಿಗೆ 3.6 ಕಿಲೋ, ಅಂದರೆ ಹತ್ತಿರಹತ್ತಿರ 4 ಲೀಟರ್ ಎಣ್ಣೆ. ಹೊರಗಿನ ತಿಂಡಿಯ ಎಣ್ಣೆಯೂ ಇದರೊಳಗೇ ಬರಬೇಕು, ಆದ್ದರಿಂದ ಮನೆಗೆ 3 ಲೀಟರ್ ಸಾಕು. ಇಲ್ಲಿರುವ ತಾಯಂದಿರಲ್ಲೂ ಗಂಡಸರಲ್ಲೂ ನನ್ನ ಕೋರಿಕೆ ಇಷ್ಟೇ: ಬರುವ ತಿಂಗಳು ದಿನಸಿ ಚೀಟಿ ಬರೆಯುವಾಗ ನಿಮ್ಮ ಮನೆಗೆ ಎಷ್ಟು ಲೀಟರ್ ಬರುತ್ತಿದೆ, ಯಾವ ಎಣ್ಣೆ ಎಂದು ಒಂದು ಕಡೆ ಗುರುತು ಹಾಕಿಕೊಳ್ಳಿ. ಮನೆಯ ಪ್ರತಿ ದೊಡ್ಡವರ ಸೊಂಟದ ಅಳತೆಯನ್ನು ಅದರ ಕೆಳಗೆ ಬರೆಯಿರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಲ್ಯಾಬಿನ ಚೀಟಿಯ ಜೊತೆ ಆ ಹಾಳೆಯನ್ನೂ ತೆಗೆದುಕೊಂಡು ಹೋಗಿ ತೋರಿಸಿ.